ಇಂಚರಾಳ ‘ಅ’ ಮತ್ತು ನನ್ನ ಮೂರು ಬೆರಳು

ನನಗೊಂದು ಚಟವಿದೆ. ಬಸ್ಸಿನಲ್ಲಿ ಕೂತಾಗ, ಸ್ಟಾಫ್ ರೂಮಿನಲ್ಲಿ ಚಹಾಕ್ಕೆ ಕಾಯುವಾಗ, ಮದುವೆ ಊಟದಲ್ಲಿ ಎಲೆ ಬರುವ ತನಕ, ಬಲಗೈ ಹೆಬ್ಬೆರಳಿಗೆ ತೋರುಬೆರಳನ್ನೂ ನಡುಬೆರಳನ್ನೂ ತಿಕ್ಕುತ್ತಿರುತ್ತೇನೆ. ನನಗೇ ಗೊತ್ತಿರುವುದಿಲ್ಲ. ಮೊನ್ನೆ ಕಾರಟಗಿಯಿಂದ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು ನನ್ನ ಬೆರಳನ್ನೇ ಬಹಳ ಹೊತ್ತು ನೋಡಿ, ಕಡೆಗೆ ತಡೆಯಲಾರದೆ, “ಯವ್ವಾ, ನಶ್ಯ ಇದ್ರ ನನಗೂ ಒಂಚೂರು ಕೊಡ” ಅಂದಳು.

ಹಿಂದುಮುಂದಿನ ಸೀಟಿನವರೆಲ್ಲ ನಕ್ಕರು. ನಾನೂ ನಕ್ಕೆ. ಹೈಸ್ಕೂಲಿನ ಕನ್ನಡ ಟೀಚರು ನಶ್ಯ ಏರಿಸುತ್ತಾಳೆಂದು ಸುದ್ದಿಯಾಗುವುದಿದ್ದರೆ ಆಗಲಿ. ಆದರೆ ಆ ಬೆರಳುಗಳನ್ನು ಯಾಕೆ ತಿಕ್ಕುತ್ತೇನೆಂದು ಆಕೆಗೆ ಹೇಳಲಿಕ್ಕಾಗಲಿಲ್ಲ. ಅಷ್ಟರಲ್ಲಿ ಗಂಗಾವತಿ ಬಸ್‌ಸ್ಟ್ಯಾಂಡ್ ಬಂದುಬಿಟ್ಟಿತು. ನಿಮಗೆ ಹೇಳುತ್ತೇನೆ. ನಿಮಗೇನೂ ಇಳಿಯುವ ಅವಸರವಿಲ್ಲವಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಅಂಜುಬುರುಕಿ. ಅಕ್ಷರ ಕಲಿತದ್ದೂ ಅಂಜುತ್ತಲೇ. ಯಲಬುರ್ಗಾ ಕಡೆಯ ಎರಿಭೂಮಿಯ, ಅಂಟು ಕರಿಮಣ್ಣಿನ ಊರು ನಮ್ಮದು. ಮಳೆ ಬಂದರೆ ಸಾಲಿಗೆ ಹೋಗುವಷ್ಟರಲ್ಲಿ ಒಂದೊಂದು ಕಾಲಿಗೂ ಸೇರು ಸೇರು ಮಣ್ಣು ಮೆತ್ತಿಕೊಳ್ಳುತ್ತಿತ್ತು. ಮಾಸ್ತರರು ಹಿಂದಿನಿಂದ ಬಗ್ಗಿ ನನ್ನ ಮುಷ್ಟಿಯನ್ನು ತಮ್ಮ ಮುಷ್ಟಿಯೊಳಗೆ ಹಿಡಿದು ಪಾಟಿಯ ಮೇಲೆ ತಿದ್ದಿಸುವರು. ಅವರ ಅಂಗಿಯಿಂದ ತಂಬಾಕು ಮತ್ತು ಸುಣ್ಣದ ವಾಸನೆ. ಬಳಪ ಕಿರ್ರೆಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ‘ಋ’ ಅಂತೂ ನನಗೆ ಅಕ್ಷರವಾಗಿ ಕಂಡದ್ದೇ ಇಲ್ಲ. ಮೀಸೆ ಹುರಿಗೊಳಿಸಿಕೊಂಡು ಯಾರೋ ಬಾಗಿಲಲ್ಲಿ ನಿಂತ ಹಾಗೆ ಕಾಣುತ್ತಿತ್ತು. ಪಾಟಿಯಲ್ಲಿ ಅದನ್ನು ಬರೆದ ಕೂಡಲೇ ಉಗುಳು ಹಚ್ಚಿ ಒರೆಸಿಬಿಡುತ್ತಿದ್ದೆ. ಮನೆಗೆ ಹಿಡಿದುಕೊಂಡು ಹೋದರೆ ರಾತ್ರಿ ಪಾಟಿಚೀಲದಿಂದ ಇಳಿದು ಬಂದಾನು ಎಂದು. ಅಂಥವಳು ಮುಂದೆ ಕನ್ನಡ ಎಂ.ಎ. ಮಾಡಿ, ಮಕ್ಕಳ ಕಾಗುಣಿತ ತಿದ್ದುವ ಕೆಲಸಕ್ಕೇ ಸೇರಿದಳು.

ಇರಲಿ. ಎರಡು ವರ್ಷದ ಹಿಂದಿನ ಬೇಸಿಗೆ. ಎರಡನೇ ಬೆಳೆಯ ಭತ್ತ ಕೊಯ್ಲಾಗಿ, ಗಂಡನ ಮನೆಯಿರುವ ಈ ಗಂಗಾವತಿ ಭಾಗದ ರಸ್ತೆಗಳೆಲ್ಲ ಅರ್ಧ ರಸ್ತೆ ಅರ್ಧ ಕಣ ಆಗಿದ್ದವು. ಮರಳಿ ಎಂಬ ಊರಲ್ಲಿ ಬಳಗದವರ ಮನೆಯ ಬಸುರಿಯ ಕುಬಸದ ಊಟ. ಸ್ಕೂಟಿಯ ಮುಂದೆ ಮಗಳು ಇಂಚರಾಳನ್ನು ನಿಲ್ಲಿಸಿಕೊಂಡು ಹೊರಟಿದ್ದೆ. ಆಗ ಅವಳಿಗೆ ನಾಲ್ಕು ತುಂಬುವುದರಲ್ಲಿತ್ತು. ದಾರಿಯುದ್ದಕ್ಕೂ ಹಾಡು. ಎದುರಿಗೆ ಟ್ರ್ಯಾಕ್ಟರ್ ಬಂತೆಂದು ಪಕ್ಕಕ್ಕೆ ಸರಿದೆ, ಚಕ್ರ ಒಣಹಾಕಿದ್ದ ಭತ್ತದ ಮೇಲೆ ಹತ್ತಿತು. ಭತ್ತದ ಮೇಲೆ ಬ್ರೇಕ್ ಹಿಡಿಯಬಾರದೆಂದು ಈ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನಾನು ಜೋಳದ ನಾಡಿನವಳು. ಹಿಡಿದೆ.

ಮುಂದಿನದು ನೆನಪಿರುವುದು ತುಂಡು ತುಂಡಾಗಿ. ಆಕಾಶ ಒಮ್ಮೆ ಹೊರಳಿತು. ನೆಲಕ್ಕೆ ಊರಿದ ನನ್ನ ಬಲಗೈಯಲ್ಲಿ ಒಣ ಕಟ್ಟಿಗೆ ಮುರಿದಂಥ ಸದ್ದು. ಕಾಲಿನಿಂದ ಭತ್ತ ಹರವುತ್ತಿದ್ದ ಹೆಂಗಸು ಓಡಿ ಬಂದು ಇಂಚರಾಳನ್ನು ಎತ್ತಿಕೊಂಡಳು.

“ಕೂಸಿಗೇನೂ ಆಗಿಲ್ರೀ ಅಕ್ಕಾರ. ರಾಶಿ ಮ್ಯಾಲೆ ಬಿದ್ದೈತಿ, ಅಂಜಬ್ಯಾಡ್ರಿ.”

ಇಂಚರಾ ಅಳಲಿಲ್ಲ. ಕೂದಲಲ್ಲೆಲ್ಲ ಭತ್ತ ಸಿಕ್ಕಿಸಿಕೊಂಡು, ಕಣ್ಣು ಅಗಲ ಮಾಡಿ ನನ್ನ ಕೈಯನ್ನೇ ನೋಡುತ್ತಿದ್ದಳು. ಸಣ್ಣದಕ್ಕೂ ಅತ್ತು ಮನೆ ತಲೆಮೇಲೆ ಮಾಡುವ ಹುಡುಗಿ ಅವತ್ತು ಅಳಲಿಲ್ಲವಲ್ಲ, ಮುಂದೆ ನನ್ನನ್ನು ಬಹಳ ದಿನ ಕಾಡಿದ್ದು ಅದೇ.

ಗಂಗಾವತಿಯಲ್ಲಿ ಎಲುಬಿನ ಡಾಕ್ಟರು ಇಬ್ಬರಿಗೂ ಎಕ್ಸ್‌ರೇ ತೆಗೆಸಿದರು. ಅವಳ ಮಣಿಕಟ್ಟು ಸ್ವಲ್ಪ ಬಾತಿತ್ತು, ಮುರಿದಿರಲಿಲ್ಲ. ತಲೆ ಮುಟ್ಟಿ ನೋಡಿ, ಕಣ್ಣಿಗೆ ಬ್ಯಾಟರಿ ಬಿಟ್ಟು, “ಈಕಿ ಆರಾಮ ಅದಾಳ” ಅಂದರು. ನನ್ನದು ಮುರಿದಿತ್ತು. ಮೊಣಕೈ ತನಕ ಪ್ಲಾಸ್ಟರ್ ಬಿತ್ತು. ಅದನ್ನು ಬಿಚ್ಚಿದ ದಿನ ಕೈ ನನ್ನದೇ ಅನ್ನಿಸಲಿಲ್ಲ. ಒಣಗಿ, ತೆಳ್ಳಗಾಗಿ, ಯಾರದೋ ಕೈಯನ್ನು ತಂದು ಜೋಡಿಸಿದ ಹಾಗಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶವೇ ಇಲ್ಲ.

“ನರ ಜಜ್ಜೇತ್ರಿ. ತಿರುಗಿ ಬರತೈತಿ,” ಅಂದರು ಡಾಕ್ಟರು. ಕಾಗದದ ಮೇಲೆ ಏನೋ ಬರೆಯುತ್ತ, ತಲೆ ಎತ್ತದೆ, “ಬಹುತೇಕ” ಎಂದು ಸೇರಿಸಿದರು.

ಆ ಒಂದು ಶಬ್ದವನ್ನು ನಾನು ಮನೆಗೆ ಹೊತ್ತುಕೊಂಡು ಬಂದೆ. ಕನ್ನಡ ಕಲಿಸುವವರಿಗೆ ಇದೊಂದು ಕಷ್ಟ. ಶಬ್ದಗಳನ್ನು ಸುಮ್ಮನೆ ಬಿಡಲಿಕ್ಕಾಗುವುದಿಲ್ಲ. ಬಹುತೇಕ ಅಂದರೆ ಎಷ್ಟು? ಒಂದು ದಿನ ರೊಟ್ಟಿ ತಿರುವಿಹಾಕಲು ಹೋದಾಗ ಚರ್ಮ ಸುಟ್ಟ ವಾಸನೆ ಬಂತು. ಯಾವುದು ಸುಡುತ್ತಿದೆಯೆಂದು ಅಡುಗೆಮನೆಯೆಲ್ಲ ಹುಡುಕಿದೆ. ಸುಡುತ್ತಿದ್ದದ್ದು ನನ್ನದೇ ಬೆರಳು. ಅವತ್ತಿನಿಂದ ಒಲೆಯ ಹತ್ತಿರ ಹೋಗಲು ಹೆದರಿದೆ. ಪೆನ್ನು ಹಿಡಿದರೆ ಅದು ಇದೆಯೋ ಜಾರಿದೆಯೋ ನೋಡಿಯೇ ತಿಳಿಯಬೇಕು. ಎಡಗೈಯಲ್ಲಿ ಬರೆದು ನೋಡಿದೆ. ನನ್ನ ‘ಅ’ ಕಾವಿಗೆ ಕೂತ ಕೋಳಿಯ ಹಾಗೆ ಬಂತು. ಹದಿನೈದು ವರ್ಷ ಪರರ ಮಕ್ಕಳಿಗೆ ‘ಅಕ್ಷರ ದುಂಡಗಿರಲಿ’ ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟವಳಿಗೆ ಇದಕ್ಕಿಂತ ಒಳ್ಳೆಯ ಶಾಸ್ತಿ ಬೇರೆ ಯಾವುದು? ರಜೆ ಹಾಕಿ ಮನೆಯಲ್ಲಿ ಕೂತೆ.

ಅದೇ ಜೂನ್‌ನಲ್ಲಿ ಇಂಚರಾ ಎಲ್‌ಕೆಜಿಗೆ ಸೇರಿದಳು. ಚುಕ್ಕಿ ಚುಕ್ಕಿಯಾಗಿ ಅಚ್ಚು ಹಾಕಿದ ಅಕ್ಷರಗಳ ಮೇಲೆ ಪೆನ್ಸಿಲ್ ಓಡಿಸುವುದು ಮನೆಗೆಲಸ. ಮಳೆ ಜೋರು ಹಿಡಿಯುವ ಹೊತ್ತಿಗೆ ಅವಳ ಟೀಚರು ಫೋನ್ ಮಾಡಿದರು. ಒಳ್ಳೆಯ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳು.

“ಮೇಡಂ, ಬ್ಯಾರೆ ಮಕ್ಕಳು ಉ, ಊ ತನಕ ಬಂದಾರ. ನಿಮ್ಮಾಕಿ ಇನ್ನೂ ಅ ಬರಿಯಾಕ ಒಲ್ಲಳು. ಪೆನ್ಸಿಲ್ ಕೊಟ್ರ ಚಾಕು ಹಿಡಿದಂಗ ಮುಷ್ಟಿ ಮಾಡಿ ಹಿಡಿತಾಳ, ಮುರೀತಾಳ.” ಆಮೇಲೆ ದನಿ ತಗ್ಗಿಸಿ ಕೇಳಿದಳು: “ಅವತ್ತ ಬಿದ್ದಾಗ ತಲೀಗೇನಾರ ಪೆಟ್ಟಾಗಿತ್ತೇನ್ರಿ?”

ಆಕೆ ಕಾಳಜಿಯಿಂದಲೇ ಕೇಳಿದ್ದು. ನಾನು ಫೋನನ್ನು ಎಡಗೈಯಲ್ಲಿ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಅಂಜಿಕೆಗೆ ಒಂದು ಗುಣವಿದೆ. ಒಳಗೆ ಬರುವ ತನಕ ಬಾಗಿಲಲ್ಲಿ ನಿಂತಿರುತ್ತದೆ, ಬಂದ ಮೇಲೆ ಮನೆಯ ಯಜಮಾನನೇ ಅದು. ಮರುದಿನದಿಂದ ಮಗಳು ಅನ್ನ ಕಲಸುವುದನ್ನು ನೋಡಿದೆ. ಮೆಟ್ಟಿಲು ಇಳಿಯುವಾಗ ಯಾವ ಕಾಲು ಮೊದಲು ಇಡುತ್ತಾಳೆ ನೋಡಿದೆ. ಗುಂಡಿ ಹಾಕಿಕೊಳ್ಳಲು ಬರದೆ ಅಂಗಿ ಎಳೆದಾಡಿದರೆ ಎಷ್ಟು ಸಲ ತಪ್ಪಿದಳೆಂದು ಎಣಿಸಿದೆ. ಹೆಸರು ಕೂಗಿ ಅವಳು ತಕ್ಷಣ ತಿರುಗದಿದ್ದರೆ ಕಿವಿಗೇನಾಯಿತೋ ಎಂದು ಗಾಬರಿ. ಟಿವಿ ನೋಡುವಾಗ ಯಾವ ಮಗು ತಿರುಗುತ್ತದೆ ಎಂಬ ವಿಚಾರ ಹೊಳೆಯಲಿಲ್ಲ. ಅವಳು ಮಲಗಿದ ಮೇಲೆ ಮೊಬೈಲಿನಲ್ಲಿ ಹುಡುಕಿದೆ. ಮೊಬೈಲು ನನಗೆ ಗೊತ್ತೇ ಇರದ ರೋಗಗಳ ಹೆಸರುಗಳನ್ನೆಲ್ಲ ಹೇಳಿತು.

ನಮ್ಮ ಮನೆಯವರದು ಗೊಬ್ಬರ, ಬೀಜದ ಅಂಗಡಿ. “ನೀ ಸುಮ್ಮನಿರು, ಬರೀತಾಳ” ಅನ್ನುತ್ತಿದ್ದರು. ಆದರೆ ಅವರೂ ಊಟಕ್ಕೆ ಕೂತಾಗ ಅವಳ ಕೈ ನೋಡುವುದನ್ನು ನಾನು ನೋಡಿದ್ದೆ. ಅತ್ತೆಯೊಬ್ಬರೇ ನಿಶ್ಚಿಂತೆ. ಅವರಿಗೆ ಇಂಚರಾ ಎಂಬ ಹೆಸರು ಬಾಯಲ್ಲಿ ಹೊರಳುವುದಿಲ್ಲ, ‘ಇಂಚ್ರಿ’ ಅನ್ನುತ್ತಾರೆ. “ನಿನ್ನ ಗಂಡ ಎರಡನೇತ್ತಾ ಸಾಲಿಗೆ ಹೋಗೂ ತನಕ ಚೊಣ್ಣದ ಗುಂಡಿ ಹಾಕ್ಕೊಂತಿರ್ಲಿಲ್ಲ. ಈಗ ಅಂಗಡಿ ನಡಸಾಕತ್ತಿಲ್ಲೇನು?” ಅಂದರು. ಗಂಡನ ಚೊಣ್ಣದ ಇತಿಹಾಸದಿಂದ ನನಗೆ ಸಮಾಧಾನವಾಗಲಿಲ್ಲ.

ದಿನಾ ಸಂಜೆ ನಾಲ್ಕಕ್ಕೆ ಅವಳನ್ನು ಕೂರಿಸಿಕೊಂಡು ಬರೆಸಲು ಶುರು ಮಾಡಿದೆ. ನನ್ನ ಮಾಸ್ತರರ ಹಾಗೆ ಹಿಂದಿನಿಂದ ಬಗ್ಗಿ ಅವಳ ಕೈ ಹಿಡಿದೆ. ಅ-ದ ತಲೆಯ ಸುತ್ತು ಬಂತು, ಹೊಟ್ಟೆ ಬಂತು. ಚಲೋ ಬರುತ್ತಿದೆ ಎಂದು ಖುಷಿಯಾಗುತ್ತಿರುವಾಗಲೇ ಅವಳು ಚೀರಿದಳು.

“ಅವ್ವಾ, ನೋಯ್ತೈತಿ! ಬಿಡು!”

ಕೈ ಬಿಟ್ಟೆ. ಅವಳ ಬೆರಳಿನ ಮೇಲೆ ನನ್ನ ಬೆರಳಿನ ಗುರುತು ಬಿಳಿಯಾಗಿ ಮೂಡಿತ್ತು, ನಿಧಾನ ಕೆಂಪಾಯಿತು. ಎಷ್ಟು ಜೋರಾಗಿ ಒತ್ತುತ್ತಿದ್ದೇನೆಂದು ನನ್ನ ಬೆರಳಿಗೆ ಗೊತ್ತೇ ಆಗಿರಲಿಲ್ಲ. ಅವತ್ತು ನನ್ನ ಕೈಗೆ ನಾನೇ ಹೆದರಿದೆ. ಇದರಿಂದ ಮಗಳನ್ನು ಎತ್ತಿಕೊಳ್ಳುವುದು ಹೇಗೆ, ಜಡೆ ಹಾಕುವುದು ಹೇಗೆ? ಮುಂದೆ ಅವಳನ್ನು ಮುಟ್ಟದೆ, ದೂರ ಕೂತು ಬಾಯಿಯಿಂದಲೇ ಬರೆಸಿದೆ. “ಮ್ಯಾಲೆ ಹೋಗು, ತಿರುಗು, ಇಳಿ.” ಅವಳು ತಪ್ಪಿದಾಗಲೆಲ್ಲ ನನ್ನ ಕಣ್ಣು ತುಂಬಿ ಬರುತ್ತಿತ್ತು. ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದೆ. ಬರಬರುತ್ತ ಪೆನ್ಸಿಲ್ ಕಂಡರೆ ಸಾಕು, ಅವಳು ಎರಡೂ ಕೈಯನ್ನು ಫ್ರಾಕಿನ ಕೆಳಗೆ ಮುಚ್ಚಿಕೊಳ್ಳತೊಡಗಿದಳು.

ಒಂದು ಸಂಜೆ ನಾಲ್ಕಾಯಿತು. ಇಂಚರಾ ಇಲ್ಲ.

ಮೊದಲು ಕೂಗಿದೆ. ಮಂಚದ ಕೆಳಗೆ, ಬಚ್ಚಲಲ್ಲಿ, ಮಾಳಿಗೆಯ ಮೇಲೆ ನೋಡಿದೆ. ಬೀದಿ ಬಾಗಿಲು ಅರ್ಧ ತೆರೆದಿತ್ತು. ಪಕ್ಕದ ಮನೆಯ ಶಾಹಿದಾ ಆಪಾ ಗೋಡೆಯಾಚೆಯಿಂದ, “ನಮ್ಮನ್ಯಾಗ ಬಂದಿಲ್ಲವ್ವಾ. ಅಳಬ್ಯಾಡ, ಹುಡುಕೂಣು” ಎಂದು ಬುರ್ಖಾ ಹಾಕಿಕೊಂಡೇ ಬೀದಿಗಿಳಿದರು. ಅವರು ಅಂಗಡಿ ಸಾಲಿನ ಕಡೆ ಹೋದರು. ನನ್ನ ಕಾಲು ಕಾಲುವೆಯ ಕಡೆ ಓಡಿತು.

ಅದೇ ವಾರ ಕಾಲುವೆಗೆ ನೀರು ಬಿಟ್ಟಿದ್ದರು. ಪ್ರತಿ ವರ್ಷ ಆ ನೀರು ಬಂತೆಂದರೆ ನಮ್ಮ ಬೀದಿಗೆಲ್ಲ ಖುಷಿ. ಅವತ್ತು ಅದು ಕೆಂಪಾಗಿ, ದಡ ಮುಟ್ಟಿ, ಸದ್ದೇ ಇಲ್ಲದೆ ಹೋಗುತ್ತಿತ್ತು. ಸದ್ದು ಮಾಡಿದ್ದರೂ ಚಲೋ ಇತ್ತು. ಬಣ್ಣದ್ದು ಏನು ತೇಲಿ ಬಂದರೂ ಜೀವ ಬಾಯಿಗೆ ಬರುತ್ತಿತ್ತು. ಒಂದು ಪ್ಲಾಸ್ಟಿಕ್ ಚೀಲ. ಒಂದು ಚಪ್ಪಲಿ. ಚಪ್ಪಲಿ ದೊಡ್ಡವರದೋ ಸಣ್ಣವರದೋ ಎಂದು ದಡದಲ್ಲಿ ಅದರ ಜೊತೆಗೇ ಓಡಿದೆ. ಎಮ್ಮೆ ತೊಳೆಯುತ್ತಿದ್ದವನೊಬ್ಬ, “ಯಾವ ಕೂಸೂ ಈ ಕಡಿ ಬಂದಿಲ್ರೀ ಅಕ್ಕಾರ, ನಾ ಮಧ್ಯಾಹ್ನದಿಂದ ಇಲ್ಲೇ ಅದೀನಿ” ಅಂದ. ಅವನ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ದೇವರಿಗೆ ಏನು ಹರಕೆ ಹೊರಬೇಕೆಂದೂ ತಿಳಿಯದೆ, ‘ಬರೆಯದಿದ್ದರೂ ಅಡ್ಡಿಯಿಲ್ಲ, ಎಂದೂ ಬರೆಯದಿದ್ದರೂ ಅಡ್ಡಿಯಿಲ್ಲ’ ಅನ್ನುತ್ತ ನಿಂತಿದ್ದೆ.

ಫೋನ್ ಬಂತು. ಅತ್ತೆ. “ಸಿಕ್ಕಾಳ ಬಾ. ಮನ್ಯಾಗ ಅದಾಳ.”

ಒಳಕೋಣೆಯಲ್ಲಿ ಜೋಳದ ಚೀಲಗಳನ್ನು ಗೋಡೆಗೆ ಒಟ್ಟಿದ್ದೆವು. ಚೀಲಕ್ಕೂ ಗೋಡೆಗೂ ನಡುವೆ ಬೆಕ್ಕು ಮರಿ ಹಾಕುವಷ್ಟು ಸಂದಿ. ಅದರೊಳಗೆ ಮೊಣಕಾಲು ಎದೆಗೆ ಹಚ್ಚಿಕೊಂಡು ಮಲಗಿಬಿಟ್ಟಿದ್ದಳು. ಮುಖವೆಲ್ಲ ಬೆವರು, ಧೂಳು. ಎತ್ತಿಕೊಂಡ ಕೂಡಲೇ ಕಣ್ಣು ಬಿಟ್ಟಳು. ನಾನು ಏನಾದರೂ ಕೇಳುವ ಮೊದಲೇ ಹೇಳಿದಳು:

“ಅವ್ವಾ, ನಾ ಅ ಬರಿಯಂಗಿಲ್ಲ. ನಾ ಬರದ್ರ ನೀ ಅಳ್ತಿ.”

ಶಾಹಿದಾ ಆಪಾ ಬುರ್ಖಾದ ಅಂಚಿನಿಂದ ಕಣ್ಣು ಒರೆಸಿಕೊಂಡರು. ಅತ್ತೆ ಮೊದಲ ಸಲ ಅಂಜಿದ ಮುಖದಿಂದ ನನ್ನನ್ನು ನೋಡಿದರು. ಇಂಚ್ರಿಗಾಗಿ ಅಲ್ಲ, ನನಗಾಗಿ.

ಮರುದಿನ ಅಂಗಡಿ ಮುಚ್ಚಿ ನಮ್ಮ ಮನೆಯವರೇ ಕೊಪ್ಪಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮಕ್ಕಳ ಡಾಕ್ಟರೊಬ್ಬರು, ವಯಸ್ಸಾದ ಹೆಂಗಸು. ನನ್ನ ಎಲ್ಲ ಅಂಜಿಕೆಗಳನ್ನೂ ಒಂದೊಂದಾಗಿ ಕೇಳಿಸಿಕೊಂಡರು. ನಾನು ಹೇಳಿ ಮುಗಿಸುವಷ್ಟರಲ್ಲಿ ಅವರ ಮೇಜಿನ ಮೇಲಿದ್ದ ಚಾಕೊಲೇಟಿನ ಬಣ್ಣದ ಕಾಗದವನ್ನು ಇಂಚರಾ ಎರಡು ಬೆರಳಿನಲ್ಲಿ ಹಗುರಾಗಿ ಬಿಚ್ಚಿ, ಹರಿಯದಂತೆ ಮಡಚಿ ಇಟ್ಟಿದ್ದಳು. ಡಾಕ್ಟರು ಆ ಕಾಗದವನ್ನು ಎತ್ತಿ ನನಗೆ ತೋರಿಸಿದರು. ಅವಳನ್ನು ಒಂಟಿಗಾಲಲ್ಲಿ ನಿಲ್ಲಿಸಿದರು, ಚೆಂಡು ಹಿಡಿಸಿದರು, ಬೊಂಬೆಯ ಬಗ್ಗೆ ಕಥೆ ಹೇಳಿಸಿದರು. ಆಮೇಲೆ ನಾವು ಒಯ್ದಿದ್ದ ಎರಡೂ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದರು.

“ಇದು ನಿಮ್ಮ ಮಣಿಕಟ್ಟು. ಸಣ್ಣ ಸಣ್ಣ ಎಲುಬು, ಹಳ್ಳದಾಗಿನ ಕಲ್ಲು ಜೋಡಿಸಿಟ್ಟಂಗ ಒತ್ತೊತ್ತಾಗಿ ಅದಾವ ನೋಡ್ರಿ. ಈಗ ಈಕಿದು ನೋಡ್ರಿ.”

ನೋಡಿದೆ. ಆ ಪುಟ್ಟ ಕೈಯ ಚಿತ್ರದಲ್ಲಿ, ಬೆರಳುಗಳು ಮುಗಿದು ತೋಳು ಶುರುವಾಗುವ ಜಾಗದಲ್ಲಿ, ಕಾಳಿನಂಥ ಮೂರ್ನಾಲ್ಕು ಚುಕ್ಕೆ ಬಿಟ್ಟರೆ ಬರೀ ಖಾಲಿ. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

“ಅಯ್ಯೋ, ಎಲುಬ ಇಲ್ಲಲ್ರಿ!”

“ಕುಂದರ್ರಿ, ಕುಂದರ್ರಿ. ಎಲ್ಲಾ ಕೂಸುಗೋಳದೂ ಹಿಂಗ ಇರತೈತಿ. ಅಲ್ಲಿ ಈಗ ಮೆತ್ತಗಿಂದು ಐತಿ, ಎಲುಬು ಆಗೋದಕ್ಕ ಇನ್ನಾ ವರ್ಷಗಟ್ಲೆ ಬೇಕು. ಬೆಳಿಯಾಕತ್ತಿರೂ ಕೈಗೆ ಪೆನ್ಸಿಲ್ ಕೊಟ್ಟು, ಗೆರಿ ದಾಟಬ್ಯಾಡ ಅಂದ್ರ ಅದೇನು ಮಾಡಬೇಕು? ಮುಷ್ಟಿ ಮಾಡತೈತಿ. ಕೆಲವು ಮಕ್ಕಳು ಜಲ್ದಿ ಬರೀತಾವ, ಕೆಲವು ತಡ. ಈಕಿ ತಲಿ ಭೇಷ್ ಐತಿ.” ನನ್ನ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. “ಪೆಟ್ಟು ಬಿದ್ದಿರೋದು ನಿಮ್ಮ ಧೈರ್ಯಕ್ಕ.”

ಪೆನ್ಸಿಲ್ ಕೆಲವು ತಿಂಗಳು ಬೇಡ ಅಂದರು. ಹಿಟ್ಟು ನಾದಲಿ, ಬಟ್ಟೆ ಒಣಹಾಕುವ ಕ್ಲಿಪ್ಪು ಒತ್ತಿ ತೆಗೆದು ಮಾಡಲಿ, ಕಾಳು ಆರಿಸಲಿ, ಅಗಲ ತಟ್ಟೆಯಂಥ ಪರಾತದಲ್ಲಿ ರವಾ ಹರವಿ ಬೆರಳಿನಿಂದ ದೊಡ್ಡದಾಗಿ ಗೀಚಲಿ. ನನ್ನ ಕೈಗೆ ಎಲುಬಿನ ಡಾಕ್ಟರು ಹೇಳಿದ್ದ ವ್ಯಾಯಾಮವೂ ಹೆಚ್ಚುಕಡಿಮೆ ಅದೇ ಇತ್ತು. ಹೆದರಿ ಕೂತು ನಾನದನ್ನು ಸರಿಯಾಗಿ ಮಾಡಿಯೇ ಇರಲಿಲ್ಲ.

ಹೀಗೆ ನಮ್ಮ ಮನೆಯಲ್ಲಿ ಒಂದು ಸಾಲಿ ಶುರುವಾಯಿತು. ಇಬ್ಬರೇ ವಿದ್ಯಾರ್ಥಿಗಳು. ಇಂಚರಾ ನನ್ನ ಮೂಗಿಗೆ, ಅಜ್ಜಿಯ ಸೆರಗಿಗೆ, ಅಪ್ಪನ ಕಿವಿಗೆ ಕ್ಲಿಪ್ಪು ಹಾಕುತ್ತಿದ್ದಳು. ನನಗೆ ಒಂದು ಕ್ಲಿಪ್ಪು ಒತ್ತುವುದರೊಳಗೆ ಬೆವರು ಕಿತ್ತುಬರುತ್ತಿತ್ತು. ಜೋಳದಲ್ಲಿ ಬೆರೆಸಿದ ಹೆಸರುಕಾಳು ಆರಿಸುವ ಪಂದ್ಯದಲ್ಲಿ ನಾನು ಒಮ್ಮೆಯೂ ಗೆಲ್ಲಲಿಲ್ಲ. “ಅವ್ವಗ ಬರಂಗಿಲ್ಲ, ಅವ್ವಗ ಬರಂಗಿಲ್ಲ” ಎಂದು ಅವಳು ಕುಣಿಯುವಾಗ ಅತ್ತೆ, “ನಿಮ್ಮವ್ವನ್ನ ಎಲ್‌ಕೆಜಿಗೆ ಹಾಕೂಣು” ಅನ್ನುತ್ತಿದ್ದರು.

ಅಂಜಿಕೆ ಹೋಯಿತು ಎಂದು ತಿಳಿಯಬೇಡಿ. ಮಗಳ ಬಗ್ಗೆ ಇದ್ದದ್ದು ನಿಧಾನ ಕರಗಿತು, ನಿಜ. ಆದರೆ ಬೆರಳಿನದು ದಿನಾ ಬೆಳಿಗ್ಗೆ ನನಗಿಂತ ಮೊದಲು ಎದ್ದಿರುತ್ತಿತ್ತು. ಹಾಸಿಗೆಯಲ್ಲೇ ಹೆಬ್ಬೆರಳಿಗೆ ತೋರುಬೆರಳು ತಿಕ್ಕಿ ನೋಡುವುದು. ಏನೂ ಇಲ್ಲ. ಎರಡು ಬೆಂಡಿನ ತುಂಡು ಒಂದಕ್ಕೊಂದು ತಿಕ್ಕಿದ ಹಾಗೆ. ಈ ನಶ್ಯದ ಚಟ ಅಂಟಿಕೊಂಡದ್ದು ಆಗಲೇ. ರಜೆ ಮುಗಿಯುತ್ತ ಬಂತು. ಬೋರ್ಡಿನ ಮುಂದೆ ನಿಂತಾಗ ಸೀಮೆಸುಣ್ಣದ ಖಡು ಕೈಯಿಂದ ಜಾರಿ, ಹುಡುಗರು ಮೊದಲು ನಕ್ಕು, ಆಮೇಲೆ ಪಾಪ ಎಂದು ಸುಮ್ಮನಾಗುವುದನ್ನು ಕಲ್ಪಿಸಿಕೊಂಡೇ ಎಷ್ಟೋ ಸಲ ಊಟ ಬಿಟ್ಟೆ. ಅವರು ನಗುವುದಕ್ಕಿಂತ ಆ ಸುಮ್ಮನಾಗುವುದರ ಭಯವೇ ನನಗೆ ಹೆಚ್ಚು.

ದಸರೆಯ ಹೊತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದೆವು. ನಡುವೆ ರವಾ ಹರವಿದ ಪರಾತ. ಇಂಚರಾ ತನ್ನಷ್ಟಕ್ಕೆ ತಾನೇ ಗೀಚುತ್ತಿದ್ದಳು. ಸುಳಿ, ಗೆರೆ, ಹಾವು. ಇದ್ದಕ್ಕಿದ್ದ ಹಾಗೆ ತನ್ನ ಬೆರಳು ಸಾಲದು ಅನ್ನಿಸಿತೋ ಏನೋ, ನನ್ನ ತೋರುಬೆರಳನ್ನು ಹಿಡಿದಳು. ಪೆನ್ಸಿಲ್ ಹಿಡಿದ ಹಾಗೆ, ಹೆಬ್ಬೆರಳು ಆಚೆ, ಉಳಿದವು ಈಚೆ. ಮುಷ್ಟಿಯಲ್ಲ. ನಾನು ಉಸಿರು ಬಿಗಿಹಿಡಿದೆ. ಏನಾದರೂ ಅಂದರೆ ಎಲ್ಲಿ ಫ್ರಾಕಿನ ಕೆಳಗೆ ಕೈ ಬಚ್ಚಿಟ್ಟುಕೊಳ್ಳುತ್ತಾಳೋ ಎಂದು.

ನಾಲಿಗೆ ಹೊರಗೆ ಚಾಚಿ, ನನ್ನ ಬೆರಳನ್ನು ರವೆಯೊಳಗೆ ಊರಿದಳು. ಸಣ್ಣದೊಂದು ಸುತ್ತು ತಿರುಗಿಸಿದಳು. ಹೊಟ್ಟೆ ಎಳೆದಳು. ಯಾರೂ ಹೇಳಿರಲಿಲ್ಲ. ಅಂಗಡಿಗೆ ಹೊರಟಿದ್ದ ಅವಳ ಅಪ್ಪ ಬಾಗಿಲಲ್ಲೇ ನಿಂತರು.

ಆಗ ಬೆರಳ ತುದಿಗೆ ಏನೋ ಚುರುಕ್ ಅಂದಿತು. ಇರುವಿ ಕಚ್ಚಿತು ಅಂದುಕೊಂಡೆ. ರವೆಗೆ ಇರುವಿ ಹತ್ತಿದ್ದರೆ ಮಗಳಿಗೂ ಕಚ್ಚೀತೆಂದು ಗಾಬರಿಯಾಗಿ ಬಗ್ಗಿ ಹುಡುಕಿದೆ. ಬಿಸಿಲಿಗೆ ರವೆ ಬೆಳ್ಳಗೆ ಹೊಳೆಯುತ್ತಿತ್ತು. ಇರುವಿ ಇರಲಿಲ್ಲ. ಅವಳು ಬೆರಳನ್ನು ಇನ್ನೂ ಸ್ವಲ್ಪ ಮುಂದಕ್ಕೆ ಎಳೆದಳು. ಮತ್ತೆ ಚುಚ್ಚಿತು, ಒಂದು ಕಾಳು, ಆಮೇಲೆ ಇನ್ನೊಂದು, ಒರಟಾಗಿ, ಬೇರೆ ಬೇರೆಯಾಗಿ. ನನ್ನ ಇಡೀ ಮೈ ನಡುಗತೊಡಗಿತು.

ಇಂಚರಾ ತಲೆ ಎತ್ತದೆ ಗದರಿದಳು:

“ಅವ್ವಾ, ಅಲಗ್ಯಾಡಬ್ಯಾಡ. ಅಕ್ಷರ ಕೆಡತೈತಿ.”